ಹಿಂದಿನ ಬಲಚಕ್ರ

ನಮ್ಮ ಮನೆಯಲ್ಲಿ ದೀಪ ಆರಿತು ಎನ್ನುವಂತಿರಲಿಲ್ಲ. ಶಾಂತವಾಯಿತು ಎನ್ನಬೇಕಿತ್ತು. ಬಾಯಿತಪ್ಪಿ ಆರಿತು ಎಂದರೆ ಅಮ್ಮ ಕೈಯಲ್ಲಿ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಗೆ ಬರುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದ ನಾನು ಈ ಚಳಿಗಾಲವೆಲ್ಲ ದಿಲ್ಲಿಯ ಆರ್.ಕೆ.ಪುರಂನಲ್ಲಿ, ಸರ್ಕಾರಿ ಕ್ವಾರ್ಟರ್ಸಿನ ಕೆಳಗೆ ನಿಂತ ಕಾರಿನೊಳಗೆ ಕೂತು, ಒಂದು ದೀಪ ಆರಿಹೋಗಲಪ್ಪಾ ಎಂದು ಕಂಡ ಕಂಡ ದೇವರನ್ನೆಲ್ಲ ಬೇಡಿಕೊಂಡೆ.

ಕಾರಿನ ಮೀಟರುಗಳ ನಡುವೆ ಎ.ಬಿ.ಎಸ್. ಎಂಬ ಮೂರಕ್ಷರ ಹೊತ್ತು ಉರಿಯುವ ಹಳದಿ ದೀಪ ಅದು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ಗಾಡಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆಯೊಂದು ಕಾರಿನೊಳಗಿದೆ. ದೀಪ ಉರಿಯುತ್ತಿದ್ದರೆ ಅದು ರಜೆಯ ಮೇಲಿದೆ ಎಂದರ್ಥ. ಮಾಮೂಲಿ ಬ್ರೇಕೇನೋ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ದೇವರೇ ಗತಿ. ನಾನು ಆಫೀಸಿಗೆ ಮೆಟ್ರೋದಲ್ಲಿ ಹೋಗುವವನು, ನನಗೆ ಬ್ರೇಕಿನ ಹಂಗಿಲ್ಲ. ಕಾರು ಓಡಿಸುವವಳು ನನ್ನ ಹೆಂಡತಿ ಸುನಂದಾ. ಗುರುಗ್ರಾಮದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾಳೆ, ಬೆಳಗಿನ ಮಂಜಿನಲ್ಲೇ ಹೊರಡಬೇಕು. "ಮುಂದಿನ ಟ್ರಕ್ಕು ಕಾಣೋದೇ ಅದರ ಹಿಂದೆ ಬರೆದಿರೋ ಶಾಯರಿ ಓದೋವಷ್ಟು ಹತ್ರ ಹೋದ್ಮೇಲೆ. ಅದನ್ನೊಂದು ಸರಿ ಮಾಡಿಸ್ರೀ" ಎಂದಳು.

ಸರಿ ಮಾಡಿಸಬಹುದಿತ್ತು. ಆದರೆ ದಿಲ್ಲಿಯಲ್ಲಿ ಪೆಟ್ರೋಲ್ ಕಾರಿಗೆ ಹದಿನೈದು ವರ್ಷವೇ ಆಯಸ್ಸು, ನಮ್ಮದು ಆಗಲೇ ವಾನಪ್ರಸ್ಥದಲ್ಲಿದೆ. ಅದನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಹಣ ಸುರಿಯಲು ನನ್ನೊಳಗಿನ ಗುಮಾಸ್ತ ಒಪ್ಪಲಿಲ್ಲ. ರೋಗ ಯಾವುದೆಂದು ನಾವೇ ಕಂಡುಹಿಡಿದರೆ ಮದ್ದು ಅಗ್ಗ ಎಂದು ಇಂಟರ್ನೆಟ್ಟಿನಲ್ಲಿ ಓದಿ, ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಸ್ಕ್ಯಾನರ್ ತರಿಸಿದೆ. ಸ್ಟೀರಿಂಗ್ ಕೆಳಗೆ ಸಿಕ್ಕಿಸಿದರೆ ಅದು ಇಂಜಿನ್ನಿನ ಕ್ಷೇಮಸಮಾಚಾರ ಮಾತ್ರ ಹೇಳಿತು, ಬ್ರೇಕಿನ ತಂಟೆಗೇ ಹೋಗಲಿಲ್ಲ. ಅಗ್ಗದವು ಹಾಗೆಯೇ ಅಂತೆ. ಕೊನೆಗೆ ಕೆಳಮನೆಯ ಕೊಡಗಿನ ಮೇಜರ್ ಸಾಹೇಬರು, ಬ್ರೇಕನ್ನೂ ಓದಬಲ್ಲ ತಮ್ಮ ಸ್ಕ್ಯಾನರನ್ನು ಒಂದು ಸಂಜೆಗೆ ಕೊಟ್ಟರು. ಅದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ತೋರಿಸಿತು: ಹಿಂದಿನ ಬಲಚಕ್ರದ ವೇಗ ಅಳೆಯುವ ಸೆನ್ಸರ್. ಮೇಜರ್ ಹೇಳಿದರು, "ಹೊಸದು ಹಾಕಿಸೋಕೆ ಮೊದ್ಲು ಆ ಚಕ್ರ ಬಿಚ್ಚಿಸಿ, ಸೆನ್ಸರ್ ಒರೆಸಿ, ವೈರು ನೋಡಿಸಿ. ಮುಕ್ಕಾಲು ಪಾಲು ಅಲ್ಲೇ ಇರುತ್ತೆ."

ಮನೆಯಲ್ಲಿ ನಾನು ದೊಡ್ಡ ಡಾಕ್ಟರರ ಗತ್ತಿನಲ್ಲಿ ಓಡಾಡಿದೆ. ಶನಿವಾರ ಸುನಂದಾ ಕಾರನ್ನು ಮಾರ್ಕೆಟ್ಟಿನ ಹಿಂದಿರುವ ಇರ್ಫಾನ್ ಭಯ್ಯಾನ ಗ್ಯಾರೇಜಿನಲ್ಲಿ ಬಿಟ್ಟು ಬಂದಳು, ನಾನು ಅವನಿಗೆ ಫೋನ್ ಮಾಡಿದೆ. "ಭಯ್ಯಾ, ಪೀಛೇವಾಲಾ ಬಾಯಾಂ ಪಹಿಯಾ ಖೋಲೋ, ಸೆನ್ಸರ್ ಸಾಫ್ ಕರೋ." ಅವನು ಚಕ್ರ ಬಿಚ್ಚಿ ಸೆನ್ಸರ್ ಒರೆಸಿದ. ದೀಪ ಆರಲಿಲ್ಲ. ಮುಂದಿನ ವಾರ ಮತ್ತೆ ಫೋನ್ ಮಾಡಿ, ಅದೇ ಚಕ್ರಕ್ಕೆ ಗುಜರಿಯ ಸೆನ್ಸರೊಂದನ್ನು ಹಾಕಿಸಿದೆ. ದೀಪ ಇನ್ನಷ್ಟು ಕಳೆಯಿಂದ ಉರಿಯಿತು. ಇರ್ಫಾನ್, ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ, "ಸರ್, ಪೂರಾ ಮಾಡ್ಯೂಲ್ ಗಯಾ" ಎಂದ. ಮಾಡ್ಯೂಲ್ ಎಂದರೆ ಇಡೀ ವ್ಯವಸ್ಥೆಯ ಮಿದುಳು, ಅದರ ಬೆಲೆಗೆ ನಮ್ಮ ಕಾರನ್ನೇ ಕೊಂಡುಕೊಳ್ಳಬಹುದು.

ಈ ನಡುವೆ ಮಂಜು ದಟ್ಟವಾಗುತ್ತಲೇ ಇತ್ತು. ಸುನಂದಾ ಹೊರಟಮೇಲೆ, "ತಲುಪಿದೆ" ಎಂದು ಅವಳ ಮೆಸೇಜು ಬರುವವರೆಗೆ ನನಗೆ ಕಾಫಿ ರುಚಿಸುತ್ತಿರಲಿಲ್ಲ. ಹೆದರಿಕೆಯಾಗುತ್ತಿತ್ತು. ಟ್ಯಾಕ್ಸಿಯಲ್ಲಿ ಹೋಗು ಎಂದರೆ, "ನಿಮ್ಮ ಡಾಕ್ಟರಿಕೆ ಮುಗೀಲಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು.

ಮಾಡ್ಯೂಲಿನ ಮಾತಿಗೆ ಇಬ್ಬರೂ ಜೊತೆಯಾಗಿ ಗ್ಯಾರೇಜಿಗೆ ಹೋದೆವು. ನಾನು ಇರ್ಫಾನನಿಗೆ ಮೊದಲಿನಿಂದ ಕಥೆ ಹೇಳತೊಡಗಿದೆ. ಬಾಯಾಂ ಎಂಬ ಮಾತು ಬಂದೊಡನೆ ಸುನಂದಾ ತಡೆದಳು.

"ಮೆಷಿನ್ನು ರೈಟ್ ಅಂತ ತೋರಿಸಿತ್ತಲ್ವಾ?"

"ಹೂಂ. ರೈಟ್. ಬಲ. ಬಾಯಾಂ."

"ರೀ, ಬಾಯಾಂ ಅಂದ್ರೆ ಎಡ. ಬಲಕ್ಕೆ ದಾಯಾಂ ಅನ್ನಬೇಕು."

ನಾನು ತ್ರಿಭಾಷಾ ಸೂತ್ರದಲ್ಲಿ ಓದಿ ಪಾಸಾದವನು. ಇಂಗ್ಲಿಷಿನ ರೈಟು ಕನ್ನಡದ ಬಲವಾಗುವವರೆಗೆ ಎಲ್ಲವೂ ಸರಿಯಾಗಿತ್ತು. ಬಲದ ಬಕಾರ ಹಿಡಿದು ಹಿಂದಿಗೆ ದಾಟುವಾಗ ನಾನು ಎಡಕ್ಕೆ ಬಿದ್ದಿದ್ದೆ. ಇಷ್ಟು ವರ್ಷ ಆಟೋದವರ ಜೊತೆ ಬಚಾವಾದದ್ದು ಕೈಯಿಂದ, ಬಾಯಿ ಏನೇ ಹೇಳಲಿ ಕೈ ಸರಿಯಾದ ಕಡೆಗೆ ತೋರಿಸುತ್ತಿತ್ತು. ಫೋನಿನಲ್ಲಿ ಕೈ ಕಾಣುವುದಿಲ್ಲ. ಇರ್ಫಾನ್ ಪಾಪ ಹೇಳಿದ ಚಕ್ರವನ್ನೇ ಬಿಚ್ಚಿದ್ದ. ಆರೋಗ್ಯವಾಗಿದ್ದ ಸೆನ್ಸರನ್ನು ಕಿತ್ತು ಗುಜರಿಯದನ್ನು ಹಾಕಿದ್ದ.

ಬಲಚಕ್ರ ಬಿಚ್ಚಿದರೆ, ಸೆನ್ಸರಿನ ವೈರು ಸೇರುವ ಕಡೆ ಮಳೆಗಾಲದ ಕೆಸರು ಒಣಗಿ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಉಜ್ಜಿ, ಎಡಕ್ಕೆ ಅದರ ಹಳೆಯ ಸೆನ್ಸರನ್ನೇ ಮರಳಿಸಿ ಕೊಟ್ಟ. ಸುನಂದಾ ಗಾಡಿ ತೆಗೆದಳು, ಸ್ವಲ್ಪ ದೂರ ಹೋಗುವಷ್ಟರಲ್ಲಿ ದೀಪ ಆರಿತು. ಖಾಲಿ ರಸ್ತೆ ನೋಡಿ ಅವಳು ಬ್ರೇಕನ್ನು ಜೋರಾಗಿ ತುಳಿದಳು. ಪೆಡಲು ಗಡಗಡ ನಡುಗಿತು, ಕಾರು ಒಂದಿಷ್ಟೂ ಜಾರದೆ ನೆಟ್ಟಗೆ ನಿಂತಿತು. ನನ್ನ ಒಂದು ಮಾತಿನ ದೆಸೆಯಿಂದ ಇವಳು ಇಷ್ಟು ದಿನ ಆ ಮಂಜಿನಲ್ಲಿ ಹೋಗಿಬಂದಿದ್ದಳು. ತಪ್ಪಾಯ್ತು ಎಂದೆ.

ಅವಳು ಆಗಲೇ ಏನೋ ಲೆಕ್ಕ ಹಾಕುತ್ತಿದ್ದಳು. "ಹೋದ ವರ್ಷ ಛತ್ತರ್‌ಪುರದಲ್ಲಿ ನಿಮ್ಮ ಆಫೀಸಿನ ಶರ್ಮಾಜಿ ಮಗನ ಮದುವೆಗೆ ಹೋದ್ವಲ್ಲ, ಅಕ್ಕಪಕ್ಕ ಎರಡು ಪೆಂಡಾಲು ಇತ್ತು. ಯಾವುದು ಅಂತ ಗೇಟಿನವನನ್ನ ಕೇಳಿದ್ದು ಯಾರು?"

ಕೇಳಿದ್ದು ನಾನು. ಅವನು ಬಾಯೇಂವಾಲಾ ಎಂದಿದ್ದ, ನಾನು ಬಲಗಡೆಯದಕ್ಕೆ ನುಗ್ಗಿದ್ದೆ. ಮದುವೆಗೆ ಯಾಕೆ ಬರಲಿಲ್ಲ ಎಂದು ಶರ್ಮಾಜಿ ಅಂದಿನಿಂದ ಮುನಿಸಿಕೊಂಡಿದ್ದಾರೆ. ಬಂದಿದ್ದೆವು, ಹೊಟ್ಟೆ ತುಂಬ ಉಂಡಿದ್ದೆವು ಎಂದು ನಾನೂ ಆಫೀಸಿನಲ್ಲಿ ಎಲ್ಲರೆದುರು ಜಗಳವಾಡಿದ್ದೇನೆ. ವೇದಿಕೆ ಹತ್ತಿ ಆ ಮದುಮಗನ ಕೈಹಿಡಿದು, ನಿಮ್ಮ ತಂದೆ ನನಗೆ ಬಹಳ ಬೇಕಾದವರು ಎಂದಾಗ ಅವನು ಬಗ್ಗಿ ನನ್ನ ಕಾಲು ಮುಟ್ಟಿದ್ದ. ಯಾರ ಮಗನೋ, ಒಳ್ಳೆಯ ಹುಡುಗ. ಆಶೀರ್ವಾದವನ್ನಾದರೂ ನಾನು ಕನ್ನಡದಲ್ಲಿ ಮಾಡಿದ್ದೆ. ಅದು ಸರಿಯಾದ ಕಡೆಗೇ ಹೋಗಿರುತ್ತದೆ.