ಮೇಲೆತ್ತಿದ ಕೈಯನ್ನು ಇಳಿಸುವ ಬಗೆ

ವ್ಯಾಪಾರದಲ್ಲಿ ಮಾತಿಗಿಂತ ಸುಮ್ಮನಿರುವುದಕ್ಕೇ ಬೆಲೆ ಹೆಚ್ಚು ಎಂದು ನಾನು ಕಂಡಕಂಡವರಿಗೆಲ್ಲ ಬುದ್ಧಿ ಹೇಳುತ್ತ ಬಂದವನು. ಕೇಳದವರಿಗೂ ಹೇಳಿದ್ದೇನೆ. ಆಲ್ಕೊಳದ ನನ್ನ ಹಳೇ ಸಾಮಾನಿನ ಅಂಗಡಿ ಎದ್ದು ನಿಂತದ್ದೇ ಈ ಮೌನದ ಮೇಲೆ. ಮಾರುವವನು ರೇಟು ಹೇಳುತ್ತಾನೆ. ನಾನು ಬಾಯಿ ಬಿಡುವುದಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಇಳಿಯುತ್ತಾನೆ.

ಇಂಥ ನಾನು ಭದ್ರಾವತಿಯ ಸೆಲ್ವರಾಜ್ ಮಾಸ್ಟರ ಮನೆಗೆ ಹೋದದ್ದು ಅವರ ಹಳೆಯ ಬ್ಯಾಂಡಿನ ವಾದ್ಯಗಳನ್ನು ಕೊಳ್ಳಲು. ಒಂದು ಕಾಲಕ್ಕೆ ಎದುರು ನಿಂತು ಕೋಲಾಡಿಸಿ ಇಡೀ ಬ್ಯಾಂಡನ್ನು ನಡೆಸುತ್ತಿದ್ದವರು. ಈಗ ಎರಡೂ ಭುಜ ಹಿಡಿದುಕೊಂಡು ಕೈ ಎದೆಮಟ್ಟಕ್ಕೂ ಏಳುತ್ತಿರಲಿಲ್ಲ. ನಾನು ಹೇಳಿದ ರೇಟಿಗೆ ತಕ್ಷಣ ಒಪ್ಪಿಬಿಟ್ಟರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

"ಒಂದೇ ಷರತ್ತು ಸಾರ್. ನಮ್ ಹುಡುಗ್ರು ವಾಲ್ಟ್ಸ್ ಅಂತ ಒಂದು ಹಳೇ ಇಂಗ್ಲಿಷ್ ಕುಣಿತದ ಟ್ಯೂನ್ ನುಡಿಸ್ತಾರೆ. ಅದನ್ನ ತಪ್ಪಿಲ್ದೆ ಒಂದ್ಸಲ ನಾನು ಕೇಳಿಬಿಟ್ರೆ ಎಲ್ಲಾ ನಿಮ್ದೇ. ಕೈ ಮಾತ್ರ ನೀವು ಆಡಿಸ್ಬೇಕು."

ಹುಡುಗರು ಐದು ಜನ. ಅವರಲ್ಲೆಲ್ಲ ಚಿಕ್ಕವರಾದ ಕ್ಲಾರಿನೆಟ್ ಬಸಪ್ಪನವರಿಗೆ ಮೊಮ್ಮಗಳ ಮದುವೆ ಮುಗಿದಿದೆ.

ಮಾಸ್ಟರು ಕುರ್ಚಿಯಲ್ಲೇ ಕೂತು ಕಲಿಸಿದರು. ಎಣಿಕೆ ಮೂರು: ಕೆಳಗೆ, ಹೊರಗೆ, ಮೇಲೆ. ನಿಧಾನಿಸುವಾಗ ಕೈ ಓಡಾಡುವ ದಾರಿ ದೊಡ್ಡದಾಗಬೇಕು. "ಹಂಪ್ ಬಂದ್ಮೇಲೆ ಬ್ರೇಕ್ ಹಾಕೋ ಸಿಟಿ ಬಸ್ ಥರ ಅಲ್ಲ. ದೂರದಿಂದ್ಲೇ ಅವ್ರಿಗೆ ಗೊತ್ತಾಗ್ಬೇಕು." ಕೊನೆಯ ಸಾಲಿಗೆ ಮುಂಚೆ ಒಂದು ತಂಗುವ ಜಾಗ. ಅಲ್ಲಿ ಎಣಿಕೆ ನಿಲ್ಲುತ್ತದೆ, ಸ್ವರ ನಿಲ್ಲುವುದಿಲ್ಲ. ಕೈ ಮೇಲಿರುವ ತನಕ ಅದು ಗಾಳಿಯಲ್ಲೇ ಇರುತ್ತದೆ. ಮತ್ತೆ ಹೊರಡಿಸಲು ಉಸಿರೆಳೆದುಕೊಂಡ ಹಾಗೆ ಕೈಯನ್ನು ಸಣ್ಣಗೆ ಎತ್ತಿ ಇಳಿಸಬೇಕು.

ಸುಮ್ಮನೆ ನಿಲ್ಲುವುದು ತಾನೆ, ನನ್ನ ಕಸುಬೇ ಅದು ಅಂದುಕೊಂಡು ಕೈ ಎತ್ತಿ ಹಿಡಿದೆ. ಐದು ವಾದ್ಯಗಳ ಸ್ವರ ಒಂದಾಗಿ ಆ ಪುಟ್ಟ ಕೋಣೆಯಲ್ಲಿ ನಿಂತಿತು. ಟೀಪಾಯಿ ಮೇಲಿದ್ದ ಸ್ಟೀಲ್ ಲೋಟ ಸಣ್ಣಗೆ ಗುನುಗತೊಡಗಿತು. ನೆಲ ಕಾಲ ಕೆಳಗಿದೆಯೋ ಇಲ್ಲವೋ ತಿಳಿಯಲಿಲ್ಲ. ಚಿಕ್ಕಂದಿನಲ್ಲಿ ಹೊಳೆಯಲ್ಲಿ ಅಂಗಾತ ತೇಲುತ್ತಿದ್ದಾಗ ಕಿವಿಯೊಳಗೆ ಹೀಗೇ ಆಗುತ್ತಿತ್ತು. ಎದುರಿನವರು ಇಳಿಯಲಿ ಎಂದು ಕಾಯದೆ ನಾನು ಸುಮ್ಮನಿದ್ದದ್ದು ಜೀವಮಾನದಲ್ಲಿ ಅದೇ ಮೊದಲು.

"ಕೈ ಇಳಿಸ್ರಿ ಮಾರಾಯ್ರೆ!" ಮಾಸ್ಟರು ಕೂಗಿದರು. "ಬಸಪ್ಪ ನೀಲಿ ಆಗ್ತಿದಾನೆ!"

ದಡಬಡಿಸಿ ಇಳಿಸಿದೆ. ಐದೂ ಜನ ಐದು ದಿಕ್ಕಿನಿಂದ ಕೊನೆ ಮುಟ್ಟಿದರು. "ಬರೋ ಭಾನುವಾರ ನೋಡೋಣ ಬಿಡಿ" ಅಂದರು ಮಾಸ್ಟರು.

ಹೀಗೆ ಶುರುವಾಯಿತು. ಭಾನುವಾರದ ಮೇಲೆ ಭಾನುವಾರ ಹೋಗುತ್ತಲೇ ಇದ್ದೇನೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಹೆಂಡತಿ, "ಸೊಳ್ಳೆ ಬ್ಯಾಟಾದ್ರೂ ಹಿಡ್ಕಂಡು ಬೀಸ್ರಿ, ಒಂದೆರಡು ಸಾಯ್ತವೆ" ಎನ್ನುತ್ತಾಳೆ.

ಮೊನ್ನೆ ಭಾನುವಾರ ಮಾತ್ರ ಎಲ್ಲವೂ ಕೂಡಿಬಂತು. ಮೂರೆಣಿಕೆ ತಪ್ಪಲಿಲ್ಲ, ಕೈಯ ದಾರಿ ದೊಡ್ಡದಾದಂತೆ ನಡೆ ತಾನಾಗಿ ನಿಧಾನವಾಯಿತು, ಸ್ವರ ತಂಗಿತು. ಎಂದಿನಂತೆ ವಾದ್ಯ ಹೇರಲೆಂದು ಕರೆತಂದ ಟೆಂಪೋ ಹೊರಗೆ ನಿಂತಿತ್ತು. ಇನ್ನೊಂದು ಸಾಲು ದಾಟಿದರೆ ಎಲ್ಲ ನನ್ನದೇ, ಎಲ್ಲ ಮುಗಿದ ಹಾಗೆಯೇ.

ಕೈ ಅಲುಗಿಸುವ ಮೊದಲೇ ಬಸಪ್ಪನವರ ಕ್ಲಾರಿನೆಟ್ಟು ಕೀಂಯ್ ಎಂದು ಮುಂದೆ ಹಾರಿತು.

"ಅಯ್ಯೋ, ಮತ್ತೆ ಕೆಟ್ಟೋಯ್ತಲ್ಲ" ಎಂದ ಮಾಸ್ಟರ ದನಿಯಲ್ಲಿ ದುಃಖವೇನೂ ಇರಲಿಲ್ಲ. ಉಳಿದ ನಾಲ್ವರು ಆಗಲೇ ಕಾಫಿಗೆ ಎದ್ದಿದ್ದರು.

"ಎಷ್ಟ್ ಸಲ ಹೇಳೋದು ಬಸಪ್ನೋರೇ, ಕೈ ನೋಡಿ ಅಂತ?" ಎಂದು ಜೋರು ಮಾಡಿದೆ. ಸಿಟ್ಟೇನೋ ನಿಜವೇ, ನನಗಿಂತ ಮೊದಲು ಹಾರಿಬಿಟ್ಟರಲ್ಲ ಎಂದು. ಈ ಸಲ ಕೆಡಿಸಬೇಕೆಂದು ಬೆಳಿಗ್ಗೆಯಿಂದ ಸಿದ್ಧವಾಗಿ ಬಂದಿದ್ದವನು ನಾನು.