ಮಿತಾಹಾರ ಪಾರಾಯಣ

ಬೇರೆಯವರಿಗೆ ಆರೋಗ್ಯದ ಬುದ್ಧಿ ಹೇಳಿ ಹೊಟ್ಟೆ ಹೊರೆಯುವವರಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ನಾನು ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ನನಗೆ ಸ್ವಲ್ಪ ಜಾಸ್ತಿಯೇ ಆಗುತ್ತವೆ.

ಪುಸ್ತಕ

ಹೋದ ವರ್ಷ ನನ್ನ ರಕ್ತದಲ್ಲಿನ ಸಕ್ಕರೆ ಮಧುಮೇಹದ ಗಡಿಗೆ ಬಂದು ನಿಂತಿತು. ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರು. ರಿಪೋರ್ಟ್ ನೋಡಿ, "ಮುಂದಿನ ಟೆಸ್ಟ್‌ನಲ್ಲಿ ಇಳೀಲಿಲ್ಲ ಅಂದ್ರೆ ನಿಮ್ಮ ಊಟಕ್ಕೆ ನಾನೇ ರೋಟಾ ಹಾಕ್ತೀನಿ," ಎಂದಳು. ಅವಳು ಹಾಕಿದ ರೋಟಾವನ್ನು, ಅಂದರೆ ಡ್ಯೂಟಿ ಪಟ್ಟಿಯನ್ನು, ಅವಳ ಆಸ್ಪತ್ರೆಯಲ್ಲೇ ಯಾರೂ ಬದಲಾಯಿಸಲಾರರು.

ಹೆದರಿದವನು ವ್ಯಾಯಾಮ ಮಾಡಬೇಕಿತ್ತು. ನಾನು ಪುಸ್ತಕ ಕೊಂಡೆ. ದಾನಕ್ಕೆ ಬಂದ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಸಿಕ್ಕ ಹಳೇ ಇಂಗ್ಲಿಷ್ ಕಾವ್ಯ. ಹೇಗೆ ಉಣ್ಣಬೇಕು, ಎಷ್ಟು ಕುಡಿಯಬೇಕು, ಯಾವಾಗ ಮಲಗಬೇಕು ಎಂದು ಯಾರೋ ಪುರಾತನ ಡಾಕ್ಟರು ಪದ್ಯದಲ್ಲೇ ಬರೆದಿದ್ದರು. ಸೋಫಾಕ್ಕೆ ಒರಗಿ ಚಕ್ಕುಲಿ ಮೆಲ್ಲುತ್ತಾ ಓದಿದೆ. ಬಹಳ ಒಳ್ಳೆಯ ಪುಸ್ತಕ.

ರೋಗಿ

ಬಿಯರ್ ಬಿಡಲೊಲ್ಲದ ಹಿರಿಯ ರೋಗಿಯೊಬ್ಬರಿಗೆ ಮಾತ್ರೆಯ ಜೊತೆ ಪದ್ಯವನ್ನೂ ಕೊಡೋಣ ಎನ್ನಿಸಿತು. ಹಿತಮಿತವಾಗಿ ಕುಡಿಯುವ ಭಾಗವನ್ನು ಕೈ ಎತ್ತಿ, ಭಾವ ತುಂಬಿ ಹೇಳಿದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೊನೆತನಕ ಕೇಳಿದರು. ಆಮೇಲೆ ನನ್ನ ಹೊಟ್ಟೆಯ ಮೇಲೆ ಬಿಗಿದು ನಿಂತ ಅಂಗಿಯ ಗುಂಡಿಗಳನ್ನೇ ನೋಡುತ್ತಾ ಕೇಳಿದರು:

"ಚೆನ್ನಾಗಿದೆ ಡಾಕ್ಟರ್. ಊಟದ ಭಾಗಕ್ಕೆ ನೀವಿನ್ನೂ ಬಂದಿಲ್ಲ, ಅಲ್ವಾ?"

ಪಾರಾಯಣ

ಇಂಗ್ಲಿಷರ ಧಾಟಿ ನನ್ನ ಬಾಯಿಗೆ ಒಗ್ಗಲಿಲ್ಲ. ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ಗಮಕ ಕಲಿತವನು ನಾನು. ಒಂದು ಬೆಳಿಗ್ಗೆ ಆ ಪದ್ಯವನ್ನು ಮೋಹನ ರಾಗದಲ್ಲಿ ಎತ್ತಿಕೊಂಡೆ. ಮಗಳ ಮನೆಗೆಂದು ಬಂದಿದ್ದ ನಮ್ಮತ್ತೆ ಅಡುಗೆಮನೆಯಿಂದ ಕೈಮುಗಿದುಕೊಂಡೇ ಬಂದರು.

"ಯಾವ ಪಾರಾಯಣ ಅಳಿಯಂದಿರೇ ಇದು?"

"ಮಿತವಾಗಿ ತಿನ್ನಿ ಅಂತ ಹೇಳೋ ಕಾವ್ಯ, ಅತ್ತೆ."

"ಒಳ್ಳೇ ವಿಷಯ. ಆದ್ರೆ ನೈವೇದ್ಯ ಇಲ್ದೆ ಪಾರಾಯಣ ಮುಗಿಸಬಾರ್ದು," ಎಂದವರೇ ತುಪ್ಪ ಸುರಿದು ಸಜ್ಜಿಗೆ ಮಾಡಿ ತಂದರು.

ಪ್ರಸಾದವನ್ನು ಬೇಡ ಎನ್ನುವಂತಿಲ್ಲ, ಮಿಗಿಸುವಂತೆಯೂ ಇಲ್ಲ. ಅಂದಿನಿಂದ ಸಂಜೆಯೂ ಓದತೊಡಗಿದೆ. ಶಿಫ್ಟ್ ಮುಗಿಸಿ ಬಂದ ಹೆಂಡತಿಗೆ, "ಕಾವ್ಯ ತುಂಬಾ ಹಿಡಿಸಿಬಿಟ್ಟಿದೆ ಕಣೇ," ಎಂದೆ. ಅದೇನೂ ಸುಳ್ಳಲ್ಲ.

ಫಲಶ್ರುತಿ

ಟೆಸ್ಟ್ ಆಯಿತು. ಸಕ್ಕರೆ ಗಡಿ ದಾಟಿ ಒಳಗೇ ಬಂದು ಕೂತಿತ್ತು. ನಾನು ಮುಖ ಸಣ್ಣದು ಮಾಡಿಕೊಂಡು ನಿಂತೆ. ಹೆಂಡತಿಯೇ ಮರುಗಿದಳು.

"ಊಟ ಕಮ್ಮಿ ಮಾಡಿದೀರಿ, ಸ್ವೀಟ್ ಡಬ್ಬಾನೂ ಮುಟ್ಟಿಲ್ಲ. ನಿಮ್ಮ ವಂಶದಲ್ಲೇ ಇರ್ಬೇಕು ಬಿಡಿ, ಪಾಪ. ರೋಟಾ ಎಲ್ಲ ಬೇಡ."

ತಪ್ಪು ಹೊತ್ತುಕೊಂಡ ನನ್ನ ಅಪ್ಪ, ಅಜ್ಜಂದಿರಿಗೆ ಮನಸ್ಸಿನಲ್ಲೇ ಕೈಮುಗಿದೆ. ಅಷ್ಟರಲ್ಲಿ ಅತ್ತೆ ನನ್ನ ಪರ ವಹಿಸಿಕೊಂಡು ಬಂದರು.

"ಅವರಿಗೆ ಯಾಕೆ ಹೀಗಾಯ್ತೋ ಕಾಣೆ ಕಣೇ. ಎರಡು ಹೊತ್ತೂ ಪಾರಾಯಣ ಮಾಡಿದಾರೆ. ಒಂದು ದಿನಾನೂ ಪ್ರಸಾದ ತಪ್ಪಿಸಿಲ್ಲ. ನೀನು ಡ್ಯೂಟೀಲಿ ಇರ್ತಿದ್ಯಲ್ಲ, ನಿನ್ನ ಪಾಲಿಂದೂ ಅವರೇ ತಿಂದಿದಾರೆ!"

ರೋಟಾ ಈಗ ಫ್ರಿಜ್ ಮೇಲಿದೆ. ಪಾರಾಯಣ ನಿಲ್ಲಿಸಕೂಡದೆಂದು ಹೆಂಡತಿಯ ಅಪ್ಪಣೆ, ನೈವೇದ್ಯಕ್ಕೆ ಸೌತೆಕಾಯಿ. ಸಂಜೆಯ ಓದನ್ನು ಮಾತ್ರ, ಗಂಟಲು ಸರಿಯಿಲ್ಲವೆಂದು, ನಾನೇ ಬಿಟ್ಟಿದ್ದೇನೆ.