ಮುಡಿಪು ಕಟ್ಟಿದ ಸ್ಟೀರಿಯೊ

ಒಂದು ವಸ್ತು ನಮ್ಮ ಹತ್ತಿರ ಇಲ್ಲದಾಗ ಇರುವ ನೆಮ್ಮದಿ, ಅದು ಮನೆಗೆ ಬಂದ ಮರುದಿನ ಇರುವುದಿಲ್ಲ. ನನ್ನ ಕಾರಿಗೆ ಹಾಡುವ ಯೋಗ ಇಲ್ಲದಷ್ಟು ಕಾಲ ನಾನು ಅದನ್ನು ಎಲ್ಲೆಂದರಲ್ಲಿ ನಿಲ್ಲಿಸಿ, ಗಾಜು ಕೂಡ ಏರಿಸದೆ, ಕಾಫಿ ಕುಡಿದು, ಕಂಡವರ ಜೊತೆ ಹರಟಿ, ನಿಧಾನವಾಗಿ ವಾಪಸಾಗುತ್ತಿದ್ದೆ. ಕಾರನ್ನು ನನಗೆ ಮಾರಿದವರು ಅದರಲ್ಲಿ ಕ್ಯಾಸೆಟ್ ಪ್ಲೇಯರ್ ಇದೆ ಎಂದು ಹೆಮ್ಮೆಯಿಂದಲೇ ಹೇಳಿದ್ದರು. ಇತ್ತು, ಸುಳ್ಳಲ್ಲ. ಒಳಗೆ ಯಾರದೋ ಕ್ಯಾಸೆಟ್ಟು ಸಿಕ್ಕಿಕೊಂಡಿತ್ತು. ಅದು ಹೊರಗೂ ಬರುತ್ತಿರಲಿಲ್ಲ, ಹಾಡುತ್ತಲೂ ಇರಲಿಲ್ಲ, ಚಕ್ರ ಗುಂಡಿಗೆ ಬಿದ್ದಾಗ ಮಾತ್ರ ಒಂದು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಹಾಗಾಗಿ ಪ್ರಯಾಣದಲ್ಲಿ ಮನರಂಜನೆಯ ಹೊಣೆ ನನ್ನ ಮೇಲೆ ಬಿದ್ದಿತ್ತು. ನಾನು ಮಾತಾಡುತ್ತಿದ್ದೆ, ನನ್ನ ಹೆಂಡತಿ ಜಯಾ ಕಿಟಕಿಯಾಚೆ ನೋಡುತ್ತಿದ್ದಳು. ಒಂದು ದಿನ ಮಾಗಡಿ ಕಡೆ ಹೋಗುವಾಗ ಅವಳು ಬಹಳ ಮೃದುವಾಗಿ, "ರೀ, ನಂಗೆ ಒಡವೆ ಬೇಡ, ಸೀರೆ ಬೇಡ, ಈ ಕಾರಿಗೊಂದು ಹಾಡೋ ಸೆಟ್ಟು ಹಾಕ್ಸಿಬಿಡಿ" ಎಂದಳು. ನನ್ನ ಮಾತು ಸಾಕಾಗಿದೆ ಎಂಬುದು ಅದರ ಅರ್ಥವೆಂದು ಹೊಳೆಯುವ ಹೊತ್ತಿಗೆ ಕಾರು ಕಲ್ಯ ಊರು ದಾಟಿತ್ತು.

ಹೊಸದನ್ನು ಕೊಳ್ಳುವ ತಾಕತ್ತು ನನ್ನ ಸಂಬಳಕ್ಕೆ ಇರಲಿಲ್ಲ. ಚನ್ನಪಟ್ಟಣದಲ್ಲಿ ಕಾರಿನ ಸೆಟ್ಟು ಕೂರಿಸುವ ಫಯಾಜ್ ಬಳಿ ಹೋದೆ. ಅವನು ಯಾರೋ ಬಿಚ್ಚಿಸಿ ಬಿಟ್ಟುಹೋಗಿದ್ದ ಒಳ್ಳೆಯ ಸ್ಟೀರಿಯೊ ಒಂದನ್ನು ತೆಗೆದು ಒರೆಸಿ ತೋರಿಸಿದ. ಮುಂದಿನ ಬಾಗಿಲುಗಳಿಗೆ ಮಾತ್ರ ಹೊಸ ಸ್ಪೀಕರ್, ಹಿಂದಿನವು ಇದ್ದದ್ದೇ ಇರಲಿ ಎಂದು ತೀರ್ಮಾನವಾಯಿತು. ಹೊಸ ಸ್ಪೀಕರು ಹಳೇ ತೂತಿಗೆ ಕೂರಲಿಲ್ಲ. ಅದಕ್ಕೆ ಫಯಾಜ್, ಬೊಂಬೆ ಮಾಡುವ ತನ್ನ ಭಾವಮೈದುನನ ಹತ್ತಿರ ಮರದ ಬಳೆಗಳನ್ನು ಕಡೆಸಿಕೊಂಡು ಬಂದ. ಬೊಂಬೆಯವರ ಕೈ, ಸುಮ್ಮನಿರುತ್ತದೆಯೇ? ಬಳೆಗೆ ಕೆಂಪು ಹಳದಿ ಅರಗು ಬಳಿದು ಮಿರಮಿರ ಮಿಂಚಿಸಿಬಿಟ್ಟಿದ್ದರು. ಇವತ್ತಿಗೂ ನಮ್ಮ ಕಾರು ಹತ್ತುವ ಮಕ್ಕಳು ಮೊದಲು ಅದನ್ನು ತಿರುಗಿಸಲು ನೋಡುತ್ತವೆ. ಏನೇ ಇರಲಿ, ಹಾಡು ಶುರುವಾದಾಗ ಜಯಾಳ ಮುಖ ನೋಡಬೇಕಿತ್ತು. ಅವಳು ಆಗಲೇ ತನಗಿಷ್ಟದ ಹಳೇ ಸಿನಿಮಾ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಸಿಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. ಚನ್ನಪಟ್ಟಣದಿಂದ ರಾಮನಗರದವರೆಗೆ ಜೊತೆಗೆ ಹಾಡಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಅಷ್ಟು ಚೆನ್ನಾಗಿ ಹಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಬಿಡುವು ಕೊಟ್ಟಿದ್ದರಲ್ಲವೇ?

ಹೊರಡುವಾಗ ಫಯಾಜ್ ಒಂದು ಮಾತು ಹೇಳಿದ್ದ. "ಇದ್ರ ಮುಂದಿನ ಪ್ಯಾನೆಲ್ ಬಿಚ್ಕೊಳ್ಳತ್ತೆ ಸಾರ್. ಕಾರ್ ನಿಲ್ಸಿದ್ರೆ ಕಿತ್ತು ಜೇಬಲ್ಲಿಟ್ಕೊಳ್ಳಿ. ಅದಿಲ್ದೆ ಇದು ಬರೀ ಡಬ್ಬ. ಕಳ್ಳ ಬಂದ್ರೆ ಬೇಜಾರಾಗಿ ಹೋಗ್ತಾನೆ." ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ನಮ್ಮ ಬೀದಿಯಲ್ಲೇ ಒಬ್ಬರ ಕಾರಿನ ಗಾಜು ಒಡೆದು ಸೆಟ್ಟು ಹೊತ್ತೊಯ್ದಿದ್ದರು. ಗುಂಡಿಗಳಿರುವ ಆ ಅಂಗೈಯುದ್ದದ ಪಟ್ಟಿಯನ್ನು ನಾನು ಮಗುವಿನಂತೆ ಹೊತ್ತು ತಿರುಗಿದೆ. ಕನಕಪುರದ ಮದುವೆಯೊಂದರಲ್ಲಿ ವಧೂವರರಿಗೆ ಅಕ್ಷತೆ ಹಾಕಲು ಬಗ್ಗಿದಾಗ ಜೇಬಿನಿಂದ ಜಾರಿ ಅಕ್ಷತೆ ತಟ್ಟೆಗೇ ಬಿತ್ತು. ಉಡುಗೊರೆಯೆಂದು ತಿಳಿದ ಹುಡುಗಿಯ ಚಿಕ್ಕಪ್ಪ ಅದನ್ನೆತ್ತಿ ಪಾತ್ರೆಗಳ ಜೊತೆ ಇಟ್ಟುಬಿಟ್ಟರು. ವಾಪಸ್ ಪಡೆಯುವಾಗ ನನ್ನ ಮಾನ ಹೋಯಿತು. ಇನ್ನು ಹಾರೋಹಳ್ಳಿಯ ಕಾರ್ಖಾನೆ, ನಾನು ಸ್ಟೋರ್ಸ್ ನೋಡಿಕೊಳ್ಳುವ ಜಾಗ. ಸಂಜೆ ಗೇಟಿನಲ್ಲಿ ಸೆಕ್ಯೂರಿಟಿಯವನು ಊಟದ ಬ್ಯಾಗು ಕೆದಕಿ, "ಸಾರ್, ಇದು ನಮ್ ಕಂಪ್ನಿ ಮಾಲಲ್ಲ ತಾನೆ?" ಎಂದು ದಿನವೂ ಕೇಳುತ್ತಿದ್ದ. ಕಳ್ಳರಿಂದ ಕಾಪಾಡಿಕೊಳ್ಳಲು ಹೋಗಿ ನಾನೇ ಕಳ್ಳನ ಹಾಗೆ ಕಾಣತೊಡಗಿದ್ದೆ.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಅವ್ವನಿಗೆ ಮುಡಿಪು ಕಟ್ಟುವ ಅಭ್ಯಾಸ. ಯಾರಿಗೆ ಜ್ವರ ಬರಲಿ, ಹಸು ಮೇವು ಬಿಡಲಿ, ಅರಿಸಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಮುಂದೆ ಇಟ್ಟುಬಿಡುತ್ತಾಳೆ. ಆಮೇಲೆ ಅದು ದೇವರದು. ಕಾಫಿಪುಡಿಗೆ ಕಾಸಿಲ್ಲದ ದಿನಗಳಲ್ಲೂ ನಮ್ಮ ಮನೆಯಲ್ಲಿ ಯಾರೂ ಅದರ ಹತ್ತಿರ ಕೈ ಒಯ್ದವರಲ್ಲ. ಕಳ್ಳನಿಗೂ ಒಬ್ಬ ಅವ್ವ ಇದ್ದೇ ಇರುತ್ತಾಳಲ್ಲ ಎಂದುಕೊಂಡು, ಪ್ಯಾನೆಲನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಕುಂಕುಮ ಇಟ್ಟು, ಸ್ಟೇರಿಂಗಿನ ಪಕ್ಕ ಇರುವ ಮಾರಮ್ಮನ ಫೋಟೋದ ಮುಂದೆ ಇಟ್ಟೆ. "ದೇವ್ರ ಹತ್ರ ಆಟ ಆಡ್ಬೇಡಿ" ಎಂದು ಜಯಾ ಎಚ್ಚರಿಸಿದಳು. ನಾನು ನಕ್ಕೆ. ಉಪಾಯ ಫಲಿಸಿತು ಕೂಡ. ಒಮ್ಮೆ ರಾಮನಗರದ ಸಂತೆಯಲ್ಲಿ ಬಾಗಿಲು ಹಾಕುವುದನ್ನು ಮರೆತು ಹೋಗಿದ್ದೆ. ಬಂದು ನೋಡಿದರೆ ಮೊಬೈಲ್ ಚಾರ್ಜರ್ ಇಲ್ಲ, ಛತ್ರಿ ಇಲ್ಲ, ಆಗಷ್ಟೇ ಕೊಂಡ ಅವರೆಕಾಯಿ ಚೀಲವೂ ಇಲ್ಲ. ಮುಡಿಪು ಮಾತ್ರ ಇಟ್ಟಲ್ಲೇ ಇತ್ತು. ಅವರೆಕಾಯಿ ಹೋಗಿದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯ ಈ ಜಿಲ್ಲೆಯಲ್ಲಿ ಬೇರೆ ಇರಲಾರ.

ತೊಡಕು ಒಂದೇ. ಅವ್ವ ಕಾರಿನಲ್ಲಿದ್ದಾಗ ಮುಡಿಪು ಬಿಚ್ಚುವಂತಿರಲಿಲ್ಲ, ಬಿಚ್ಚದೆ ಹಾಡುವಂತಿರಲಿಲ್ಲ. ಒಂದು ಮಂಗಳವಾರ ಹಾಗೆಯೇ ಹಾಡಿಲ್ಲದೆ ಅವ್ವನ ತೌರೂರಿಗೆ ಹೋದೆವು. ಅದು ಕೂಟಗಲ್ಲಿನ ಆಚೆ ಇರುವ ಸಣ್ಣ ಹಳ್ಳಿ, ಅಲ್ಲಿಯ ಮಾರಮ್ಮನೆಂದರೆ ಅವ್ವನಿಗೆ ಪ್ರಾಣ. ನಾನು ಗುಡಿಯ ಎದುರು ಎಳನೀರು ಕುಡಿಯುತ್ತ ನಿಂತಿದ್ದೆ. ಅವ್ವ ಒಳಗಿನಿಂದ ಬಹಳ ತೃಪ್ತಿಯಿಂದ ಬಂದಳು. "ಮಗ, ಯಾವಾಗ್ನಿಂದ ನೋಡ್ತಿವ್ನಿ, ಕಟ್ಟಿದ ಮುಡಿಪು ಕಾರಲ್ಲೇ ಕುಂತೈತೆ. ನಿಂಗೆಲ್ಲಿ ಗ್ಯಾನ. ನಾನೇ ತಕ್ಕೊಂಡೋಗಿ ಹುಂಡಿಗೆ ಹಾಕ್ಬುಟ್ಟೆ" ಎಂದಳು. ಅರ್ಧ ಕುಡಿದ ಎಳನೀರನ್ನು ಕೆಳಗಿಟ್ಟು ಗುಡಿಯೊಳಗೆ ಇಣುಕಿದೆ. ಆ ಗುಡಿಯ ಹುಂಡಿ ಹಳೇ ಕಬ್ಬಿಣದ ಪೆಟ್ಟಿಗೆ. ತೆಂಗಿನಕಾಯಿ ಹಾಕುವವರೂ ಉಂಟೆಂದು ಅದರ ಬಾಯನ್ನು ಅಗಲವಾಗಿ ಕತ್ತರಿಸಿಟ್ಟಿದ್ದಾರೆ. ಜಯಾ ನನ್ನನ್ನು ನೋಡಿದಳು, ನಾನು ನೆಲ ನೋಡಿದೆ. ನಿಜ ಹೇಳುವುದು ಹೇಗೆ? ಮಾರಮ್ಮನ ಹೆಸರಲ್ಲಿ ಸುಳ್ಳು ಮುಡಿಪು ಕಟ್ಟಿದ್ದು ತಿಳಿದರೆ ಅವ್ವ ಅಲ್ಲೇ ನನಗೆ ಬೇವಿನ ಸೊಪ್ಪು ಉಡಿಸಿ ಗುಡಿ ಸುತ್ತಿಸುತ್ತಿದ್ದಳು.

ಅವ್ವ ನೆಂಟರ ಮನೆಗೆ ಹೋದ ಸಮಯ ನೋಡಿ ಗುಡಿಯ ಯಜಮಾನಿಕೆಯ ಗೌಡರ ಬಳಿ ಕೈಮುಗಿದು ಎಲ್ಲವನ್ನೂ ಒಪ್ಪಿಸಿದೆ. ಅವರು ನಗಲಿಲ್ಲ, ಬಯ್ಯಲೂ ಇಲ್ಲ. "ಒಳಕ್ಕೆ ಬಿದ್ಮೇಲೆ ಅದು ಅಮ್ಮಂದು ಕಣಪ್ಪ. ತೆಗ್ದು ಕೈಗೆ ಕೊಡಕ್ಕಾಗಕ್ಕಿಲ್ಲ. ಬರೋ ಮಂಗ್ಳಾರ ಹುಂಡಿ ತೆಗೀತೀವಿ. ಕಾಸು ಬಿಟ್ಟು ಬೇರೆ ಏನಿದ್ರೂ ಹರಾಜು. ಬಂದು ನೀನೂ ಕೂಗು" ಎಂದರು. ವಾರವಿಡೀ ನಮ್ಮ ಕಾರು ಮತ್ತೆ ಮೂಕವಾಯಿತು. ನಾನು ಮಾತಾಡಲು ಬಾಯಿ ತೆರೆದರೆ ಜಯಾ ಪೆನ್‌ಡ್ರೈವನ್ನು ಎತ್ತಿ ತೋರಿಸುತ್ತಿದ್ದಳು. ಅವಳ ಹಾಡನ್ನು ನಾನೇ ಹುಂಡಿಗೆ ಹಾಕಿದಂತಾಗಿತ್ತು.

ಹರಾಜಿನ ದಿನ ಅವ್ವನೂ ಜಯಾಳೂ ಜೊತೆಗೆ ಬಂದರು, ಊರೆಲ್ಲ ಗುಡಿಯ ಮುಂದೆ ಕೂತಿತ್ತು. ಹರಕೆಗೆ ಬಂದ ಬಾಳೆಗೊನೆ ಹೋಯಿತು, ಹುಂಜ ಹೋಯಿತು. ಗೌಡರು ಹಳದಿ ಗಂಟು ಬಿಚ್ಚಿ ಪ್ಯಾನೆಲನ್ನು ಎತ್ತಿ ಹಿಡಿದರು. ಟೀವಿ ರಿಮೋಟು ಎಂದರು ಕೆಲವರು, ಕರೆಂಟು ಮೀಟರಿನದು ಎಂದರು ಕೆಲವರು. "ನನ್ ಮಗಂದು ಮುಡಿಪು" ಎಂದು ಅವ್ವ ಹೆಂಗಸರ ನಡುವೆ ಸೆರಗು ಸರಿಮಾಡಿಕೊಂಡಳು. ಡಬ್ಬವಿಲ್ಲದೆ ಆ ಪಟ್ಟಿಗೆ ಮೂರು ಕಾಸಿನ ಬೆಲೆಯಿಲ್ಲ, ಯಾರೂ ಕೂಗುವುದಿಲ್ಲ ಎಂಬ ಧೈರ್ಯದಲ್ಲಿ ನಾನಿದ್ದೆ. ಆದರೆ ಗೌಡರು ಬಾಯಿ ತೆರೆಯುವ ಮೊದಲೇ ಎದ್ದು ನಿಂತು ಕೂಗಿಬಿಟ್ಟೆ. ಅದೇ ತಪ್ಪಾಯಿತು. ಕುರಿ ಸಾಕುವ ಬೋರಣ್ಣ ನನ್ನನ್ನು ಮೇಲಿಂದ ಕೆಳಗೆ ಅಳೆದು, ಮೀಸೆ ಸವರಿಕೊಂಡು ಮೇಲೆ ಕೂಗಿದ. "ನಿನಗ್ಯಾಕೆ ಬೋರಣ್ಣ ಅದು?" ಎಂದು ಅಂಗಲಾಚಿದೆ. "ಪ್ಯಾಟೆಯವ್ನು ನೀನೇ ಇಷ್ಟು ಆಸೆಪಡ್ತೀಯ ಅಂದ್ರೆ ಅದ್ರಲ್ಲಿ ಏನೋ ಐತೆ ಕಣ್ಲಾ. ಹಟ್ಟಿ ಬಾಗ್ಲಿಗೆ ಕಟ್ತೀನಿ, ಕುರಿಗಳು ಚೆಂದಾಗಿರ್ತವೆ" ಎಂದ. ನಾನು ಏರಿಸಿದೆ, ಅವನೂ ಏರಿಸಿದ. ಫಯಾಜ್ ಇಡೀ ಸೆಟ್ಟಿಗೆ ಹೇಳಿದ್ದ ಬೆಲೆಯನ್ನು ಬರೀ ಪಟ್ಟಿಯೇ ದಾಟಿತು. ನನ್ನ ಜೇಬು ಒಣಗುತ್ತ ಬಂತು, ಬೋರಣ್ಣನ ಉತ್ಸಾಹ ಒಣಗಲಿಲ್ಲ.

ಆಗ ಜಯಾ ಬಗ್ಗಿ ಅವ್ವನ ಕಿವಿಯಲ್ಲಿ, "ಅತ್ತೆ, ನಿಮ್ಮ ತೌರಿನ ಅಮ್ಮನ ಪ್ರಸಾದ, ಕುರಿ ಹಟ್ಟಿಗೆ ಹೋಯ್ತದಂತೆ" ಎಂದಳು. ಅವ್ವ ಎದ್ದು ನಿಂತಳು. "ಒಸಿ ತಡಿ ಬೋರ. ಅದು ನಮ್ಮನೇಗಿರ್ಲಿ" ಎಂದು ಒಂದು ರೂಪಾಯಿ ಮೇಲೆ ಕೂಗಿದಳು. ಬೋರಣ್ಣ ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. "ಊರ ಹೆಣ್ಮಗಳು ಕೂಗಿದ್ಮೇಲೆ ಎದುರು ಕೂಗಕ್ಕಾದದಾ? ತಕ್ಕೊಂಡೋಗಕ್ಕ" ಎಂದು ಕೂತುಬಿಟ್ಟ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಗೌಡರು ಪ್ಯಾನೆಲನ್ನು ಮತ್ತೆ ಗಂಟು ಕಟ್ಟಿ ಅವ್ವನ ಮಡಿಲಿಗೆ ಹಾಕಿದರು. ದುಡ್ಡು ಮಾತ್ರ ನನ್ನ ಜೇಬಿನಿಂದಲೇ ಹೋಯಿತು. ಜಯಾ ಅಲ್ಲಿ ಎಲ್ಲರೆದುರು ನನ್ನ ಬೆರಳು ಹಿಡಿದು ಒತ್ತಿದಳು, ದುಡ್ಡಿನ ಚಿಂತೆ ಮರೆತುಹೋಯಿತು.

ಈಗ ನಮ್ಮ ಸ್ಟೀರಿಯೊ ಈ ಸೀಮೆಯಲ್ಲೇ ಅತ್ಯಂತ ಭದ್ರ. 'ಮಾರಮ್ಮನ ರೇಡಿಯೊ' ಎಂದು ಸುತ್ತಲಿಗೆಲ್ಲ ಗೊತ್ತು, ಗಾಜು ಇಳಿಸಿಟ್ಟು ಹೋದರೂ ಯಾರೂ ಮುಟ್ಟುವುದಿಲ್ಲ. ಅದು ಹಾಡುವ ಯಂತ್ರವೆಂದು ಅವ್ವನಿಗೂ ಈಗ ತಿಳಿದಿದೆ, ಅದು ಮುಡಿಪಾದದ್ದು ಯಾಕೆಂದು ಅವಳು ಕೇಳಲಿಲ್ಲ, ಆದರೆ ಒಂದು ಕಟ್ಟಳೆ ಮಾಡಿದ್ದಾಳೆ. "ಅಮ್ಮನ ಪ್ರಸಾದ ಅದು. ದೇವ್ರ ಹಾಡು ಬಿಟ್ಟು ಇನ್ನೊಂದು ಹಾಕ್ಕೂಡ್ದು." ಹೀಗಾಗಿ ನಾನೂ ಜಯಾಳೂ ತರಕಾರಿ ತರುತ್ತೇವೆಂದು ಹೊರಟು, ಊರು ದಾಟಿ, ಕನಕಪುರ ರಸ್ತೆಯ ಹುಣಸೆ ಮರಗಳ ಕೆಳಗೆ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು, ಹಿಂದೆ ಮುಂದೆ ನೋಡಿ, ಸಿನಿಮಾ ಹಾಡು ಕೇಳುತ್ತೇವೆ. ಮೊನ್ನೆ ಹಾಗೆ ಹೊರಟಾಗ ಅವ್ವ ತಾನೂ ಬರುತ್ತೇನೆಂದು ಹಿಂದೆ ಹತ್ತಿದಳು. ನಮ್ಮಿಬ್ಬರ ಮುಖ ಸಪ್ಪಗಾಯಿತು. ಹುಣಸೆ ಮರ ಬಂತು, ನಾನು ನಿಲ್ಲಿಸದೆ ಮುಂದೆ ಹೋದೆ. ಹಿಂದಿನಿಂದ ಅವ್ವ, "ಯಾಕ್ಲಾ ಮಗ, ದಿನಾ ನಿಲ್ಸೋದು ಇಲ್ಲೇ ಅಂತೆ? ನಿಲ್ಸು. ಅಮ್ಮನ ಫೋಟೋನ ಒಸಿ ಆ ಕಡೆ ತಿರುಗ್ಸಿ, ಆಮೇಲೆ ಹಾಕು" ಎಂದಳು. ನಾನು ತಿರುಗಿಸಿದೆ. ಜಯಾಳೂ ಅವ್ವನೂ ಒಟ್ಟಿಗೆ ಹಾಡಿದರು. ನಾನೂ ದನಿಗೂಡಿಸಲು ಬಾಯಿ ತೆರೆದೆ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಸ್ಟೀರಿಯೊದ ಸದ್ದು ಜಾಸ್ತಿ ಮಾಡಲು ಹೇಳಿದರು.